ಅಲಬಾಮಾ ಮೊದಲು, ಮಿಶಿಗನ್ ಆರನೆಯದು: ಕಾಲೇಜ್ ಫುಟ್‌ಬಾಲ್‌ನ ದೊಡ್ಡ ತಂಡಗಳ ಲೆಕ್ಕ

ಪ್ರಶ್ನೆ: ನಮ್ಮ ಮಗಳು ಓದಿದ್ದು ಅಮೆರಿಕದ ಮಿಶಿಗನ್ ಯೂನಿವರ್ಸಿಟಿಯಲ್ಲಿ, ಅಳಿಯ ಓದಿದ್ದು ಓಹಾಯೋ ಸ್ಟೇಟ್‌ನಲ್ಲಿ. ನವೆಂಬರ್ ಕೊನೆ ಬಂತೆಂದರೆ ಅವರ ಮನೆಯಲ್ಲಿ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಹಿಡಿದು ಓಡುವ ಅಮೆರಿಕದ ಆಟ) ಜಗಳ ಶುರು. ನಾವು ಅಲ್ಲಿಗೆ ಹೋಗಿದ್ದಾಗ ಆಟ ಅಲ್ಪಸ್ವಲ್ಪ ಅರ್ಥವಾಯಿತು. ಆದರೆ ಇಷ್ಟು ವರ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡ ತಂಡ ಯಾವುದು ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಪಟ್ಟಿ. ಕೆಲವರು ಅಲಬಾಮಾ ಅಂತಾರೆ, ಕೆಲವರು ನೋಟರ್ ಡೇಮ್. ಒಂದು ಕಡೆಯಂತೂ ಪ್ರಿನ್ಸ್‌ಟನ್ 28 ಸಲ ಚಾಂಪಿಯನ್ ಅಂತಿತ್ತು! ನೀವೇ ಒಂದು ಕ್ರಮ ಹಾಕಿಕೊಟ್ಟು, ಕಾರಣವನ್ನೂ ಹೇಳ್ತೀರಾ?

ಉತ್ತರ: ಮೊದಲು ಪಟ್ಟಿ ಕೊಟ್ಟುಬಿಡುತ್ತೇನೆ, ಜಗಳ ಆಮೇಲೆ. ಅಲಬಾಮಾ, ಓಹಾಯೋ ಸ್ಟೇಟ್, ನೋಟರ್ ಡೇಮ್, ಒಕ್ಲಹೋಮಾ, ಸದರ್ನ್ ಕ್ಯಾಲಿಫೋರ್ನಿಯಾ, ಮಿಶಿಗನ್. ಇದೇ ನನ್ನ ಕ್ರಮ, 2024ರ ಸೀಸನ್ ಮುಗಿದ ಹೊತ್ತಿಗೆ. ನಿಮ್ಮ ಮಗಳಿಗೆ ಇದು ಖಂಡಿತ ಹಿಡಿಸುವುದಿಲ್ಲ.

ನೀವು ನೋಡಿದ ಪಟ್ಟಿಗಳು ಒಂದಕ್ಕೊಂದು ತಾಳೆಯಾಗದೇ ಇರೋದಕ್ಕೆ ಕಾರಣ ಇದೆ. ರಣಜಿ ಟ್ರೋಫಿಯನ್ನು ಯಾರು ಎಷ್ಟು ಸಲ ಗೆದ್ದರು ಅಂತ ನಮ್ಮಲ್ಲಿ ಯಾರೂ ವಾದ ಮಾಡಲ್ಲ. ಫೈನಲ್ ನಡೆಯುತ್ತೆ, ಗೆದ್ದವರಿಗೆ ಕಪ್, ಮುಗೀತು. ಕಾಲೇಜ್ ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲ ಫೈನಲ್ ಅನ್ನೋದೇ ಇರಲಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಈಜಿಗೂ ಕುಸ್ತಿಗೂ ಬ್ಯಾಸ್ಕೆಟ್‌ಬಾಲ್‌ಗೂ ಚಾಂಪಿಯನ್‌ಷಿಪ್ ಕೊಡುತ್ತದೆ. ಈ ಒಂದು ದರ್ಜೆಯ ಫುಟ್‌ಬಾಲ್‌ಗೆ ಮಾತ್ರ ಇವತ್ತಿಗೂ ತಾನಾಗಿ ಕೊಡುವುದಿಲ್ಲ.

ಹಾಗಾದರೆ ಚಾಂಪಿಯನ್ ಯಾರು ಅಂತ ಹೇಳುತ್ತಿದ್ದವರು ಯಾರು? ಪತ್ರಕರ್ತರು. 1936ರಿಂದ ಎಪಿ ಸುದ್ದಿ ಸಂಸ್ಥೆ ಕ್ರೀಡಾ ಬರಹಗಾರರಿಂದ ವೋಟು ಹಾಕಿಸಿ ಕ್ರಮಾಂಕ ಕೊಡುತ್ತಾ ಬಂತು. 1950ರಲ್ಲಿ ಕೋಚ್‌ಗಳದ್ದೇ ಇನ್ನೊಂದು ವೋಟು ಶುರುವಾಯಿತು. ಎರಡೂ ಒಂದೇ ತಂಡವನ್ನು ಆರಿಸಬೇಕು ಅಂತೇನಿಲ್ಲ. ಎಷ್ಟೋ ವರ್ಷ ಬೇರೆ ಬೇರೆ ತಂಡಗಳನ್ನೇ ಆರಿಸಿವೆ. ತಮಾಷೆ ಅಂದರೆ, ಹೊಸ ವರ್ಷದ ಹೊತ್ತಿಗೆ ಆಹ್ವಾನದ ಮೇಲೆ ನಡೆಯುವ ದೊಡ್ಡ ಪಂದ್ಯಗಳಿಗೆ, ಅಂದರೆ ಬೌಲ್‌ಗಳಿಗೆ, ಮುಂಚೆಯೇ ವೋಟು ಮುಗಿದಿರುತ್ತಿತ್ತು. 1964ರಲ್ಲಿ ಅಲಬಾಮಾ ಚಾಂಪಿಯನ್ ಅಂತ ಘೋಷಣೆಯಾಯಿತು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಅದೇ ಅಲಬಾಮಾ ಟೆಕ್ಸಸ್ ಎದುರು ಸೋತಿತು. ಕಿರೀಟ ಮಾತ್ರ ಹಾಗೇ ಉಳಿಯಿತು. ಎಪಿ ತನ್ನ ಕೊನೆಯ ವೋಟನ್ನು ಬೌಲ್‌ಗಳ ನಂತರಕ್ಕೆ ಖಾಯಂ ಆಗಿ ತಂದಿದ್ದು 1968ರಲ್ಲಿ. ಕೋಚ್‌ಗಳಿಗೆ ಬುದ್ಧಿ ಬರಲು 1974 ಆಗಬೇಕಾಯಿತು.

ಇದು ಸಾಲದು ಅಂತ ಹಳೆಯ ವರ್ಷಗಳನ್ನು ಲೆಕ್ಕ ಹಾಕಿ ಹಿಂದಿನ ದಿನಾಂಕಕ್ಕೆ ಚಾಂಪಿಯನ್ ಪಟ್ಟ ಕೊಡುವ ಗಣಿತದವರು, ಇತಿಹಾಸದವರು ಬೇರೆ ಇದ್ದಾರೆ. ಇವರಲ್ಲಿ ಯಾರಾದರೂ ಒಬ್ಬರು ನಿಮ್ಮ ತಂಡದ ಹೆಸರು ಹೇಳಿದ್ದರೆ ಸಾಕು, ಯೂನಿವರ್ಸಿಟಿ ಅದನ್ನು ತನ್ನ ಗೋಡೆಯ ಮೇಲೆ ಬರೆಸಿಕೊಳ್ಳಬಹುದು. ತಡೆಯುವವರು ಯಾರೂ ಇಲ್ಲ. ಅಲಬಾಮಾ ಹೇಳಿಕೊಳ್ಳುವ 18 ಪಟ್ಟಗಳಲ್ಲಿ 1941ರದ್ದೂ ಒಂದು. ಆ ವರ್ಷ ಎಪಿ ಪಟ್ಟಿಯಲ್ಲಿ ಅದು ಇದ್ದದ್ದು 20ನೇ ಜಾಗದಲ್ಲಿ! 1980ರ ದಶಕದಲ್ಲಿ ಅಲ್ಲಿನ ಕ್ರೀಡಾ ವಿಭಾಗದವರು ಹಳೆಯ ಐದು ವರ್ಷಗಳನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಾಗ ಇದೂ ಒಳಗೆ ಬಂತು. 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ಒಂದೂ ಪಂದ್ಯ ಸೋಲಲಿಲ್ಲ, ಆದರೂ ಪ್ಲೇಆಫ್‌ಗೆ, ಅಂದರೆ ಸೀಸನ್ ಕೊನೆಯಲ್ಲಿ ಆಯ್ದ ಕೆಲವೇ ತಂಡಗಳು ಚಾಂಪಿಯನ್ ಪಟ್ಟಕ್ಕೆ ಆಡುವ ನಾಕೌಟ್ ಸುತ್ತಿಗೆ, ಯಾರೂ ಕರೆಯಲಿಲ್ಲ. ಅವರು ತಾವೇ ಚಾಂಪಿಯನ್ ಅಂತ ಘೋಷಿಸಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಮಾಡಿದರು. ನನಗೇನೋ ಅವರ ಮೇಲೆ ಸಿಟ್ಟಿಲ್ಲ. ಪದ್ಧತಿಯೇ ಹಾಗಿರುವಾಗ ಮೆರವಣಿಗೆ ಮಾಡಿದರೆ ತಪ್ಪೇನು?

ಈಗ ಪ್ರಿನ್ಸ್‌ಟನ್ ವಿಷಯ. ಅವರು ಹೇಳಿಕೊಳ್ಳುವುದು 28 ಪಟ್ಟ, ಯೇಲ್‌ನವರು 27. ಅಲಬಾಮಾಗಿಂತ ಜಾಸ್ತಿ. ಆದರೆ ಮೊದಲ ಪಂದ್ಯ ನಡೆದ 1869ರ ಕಥೆ ಕೇಳಿ. ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ಅನ್ನು 6–4ರಿಂದ ಸೋಲಿಸಿತು. ಮುಂದಿನ ವಾರ ಪ್ರಿನ್ಸ್‌ಟನ್ ಸೇಡು ತೀರಿಸಿಕೊಂಡಿತು. ಆ ವರ್ಷ ಆಡಿದ್ದು ಇವೆರಡೇ ತಂಡ. ಆ ವರ್ಷವೂ ಪ್ರಿನ್ಸ್‌ಟನ್‌ನ 28ರಲ್ಲಿ ಸೇರಿದೆ. ಆಟವೂ ಇವತ್ತಿನದ್ದಲ್ಲ. ಒಂದೊಂದು ಕಡೆ 25 ಜನ, ಚೆಂಡನ್ನು ಎತ್ತಿಕೊಂಡು ಓಡುವ ಹಾಗಿಲ್ಲ.

ಯೇಲ್‌ನ ಕೊಡುಗೆ ಇದಕ್ಕಿಂತ ಗಟ್ಟಿಯಾದದ್ದು. ಅಲ್ಲಿಯ ವಾಲ್ಟರ್ ಕ್ಯಾಂಪ್ 1880ರ ಸುಮಾರಿಗೆ ನಿಯಮಗಳನ್ನು ಬದಲಿಸುತ್ತಾ ಹೋದರು. ಚೆಂಡು ಒಂದು ತಂಡದ ಕೈಯಲ್ಲೇ ಇದ್ದು ಆಟ ಶುರುವಾಗಬೇಕು, ಇಷ್ಟು ಪ್ರಯತ್ನದಲ್ಲಿ ಇಷ್ಟು ಗಜ ಮುಂದೆ ಹೋಗಲೇಬೇಕು ಅನ್ನುವುದೆಲ್ಲ ಆಗ ಬಂದದ್ದು. ರಗ್ಬಿಯಿಂದ ಬೇರೆಯಾದ ಹೊಸ ಆಟ ಹುಟ್ಟಿದ್ದೇ ಅಲ್ಲಿ. ಆಮೇಲೆ ಅದು ಎಷ್ಟು ಒರಟಾಯಿತು ಅಂದರೆ ಹುಡುಗರು ಮೈದಾನದಲ್ಲೇ ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಸರಿಮಾಡಿ ಅಂದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ನೀವು ಟಿವಿಯಲ್ಲಿ ನೋಡಿದ ಉದ್ದನೆಯ ಪಾಸ್‌ಗಳಿಗೆ ಮೂಲ ಅದು. ಹಾಗಾಗಿ ಯೇಲ್, ಪ್ರಿನ್ಸ್‌ಟನ್‌ಗಳನ್ನು ನಾನು ಪಟ್ಟಿಯ ಹೊರಗೆ, ಗೌರವದ ಜಾಗದಲ್ಲಿ ಇಡುತ್ತೇನೆ. ಕೈಬೆರಳಲ್ಲಿ ಎಣಿಸುವಷ್ಟು ತಂಡಗಳಿದ್ದ ಕಾಲದ ಪಟ್ಟವನ್ನು ನೂರಕ್ಕೂ ಜಾಸ್ತಿ ತಂಡಗಳಿರುವ ಕಾಲದ ಪಟ್ಟದ ಪಕ್ಕ ಇಟ್ಟು ಕೂಡಿಸೋದಕ್ಕೆ ಆಗಲ್ಲ.

ಪಟ್ಟಗಳ ಸಂಖ್ಯೆಯನ್ನು ನಂಬುವ ಹಾಗಿಲ್ಲ ಅಂದಮೇಲೆ ಬೇರೆ ಅಳತೆ ಬೇಕಲ್ವಾ? ನನ್ನದು ಒಂದೇ ಪ್ರಶ್ನೆ: ದೊಡ್ಡ ಕೋಚ್ ಹೋದ ಮೇಲೆ ಏನಾಯಿತು? ಈ ಆಟದಲ್ಲಿ ಆಟಗಾರರು ನಾಲ್ಕೈದು ವರ್ಷಕ್ಕೆ ಬದಲಾಗುತ್ತಾರೆ. ಉಳಿಯುವುದು ಕೋಚ್. ಅವರೇ ಹೈಸ್ಕೂಲ್ ಹುಡುಗರ ಮನೆಗೆ ಹೋಗಿ, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ತಂಡ ಕಟ್ಟುತ್ತಾರೆ. ಒಬ್ಬ ಜಾಣ ಕೋಚ್ ಸಿಕ್ಕರೆ ಯಾವ ಕಾಲೇಜಾದರೂ ಹತ್ತು ವರ್ಷ ಮೆರೆಯಬಹುದು. ಅವರು ಹೋದ ಮೇಲೆ, ನಿಯಮ ಬದಲಾದ ಮೇಲೆ, ಇನ್ನೊಬ್ಬರ ಕೈಯಲ್ಲೂ ಗೆದ್ದರೆ ಆಗ ದೊಡ್ಡದು ಕಾಲೇಜು. ಇಲ್ಲದಿದ್ದರೆ ದೊಡ್ಡವರು ಆ ಕೋಚ್, ಅಷ್ಟೇ.

ಈ ಪ್ರಶ್ನೆಯನ್ನು ಅಲಬಾಮಾಗೆ ಕೇಳಿ ನೋಡೋಣ. 1926ರ ಜನವರಿ 1ರಂದು ವಾಲೆಸ್ ವೇಡ್ ಅವರ ತಂಡ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ಅನ್ನು 20–19ರಿಂದ ಸೋಲಿಸಿತು. ಅಲ್ಲಿಯವರೆಗೆ ದಕ್ಷಿಣದ ರಾಜ್ಯಗಳ ಫುಟ್‌ಬಾಲ್ ಅಂದರೆ ಉಳಿದವರಿಗೆ ಲೆಕ್ಕಕ್ಕಿಲ್ಲ. ಅಂತರ್ಯುದ್ಧದಲ್ಲಿ ಸೋತು ಬಡತನಕ್ಕೆ ಬಿದ್ದಿದ್ದ ಆ ಸೀಮೆಗೆ ಒಂದು ಆಟದ ಗೆಲುವು ಎಷ್ಟು ದೊಡ್ಡದಾಯಿತು ಅಂದರೆ, ತಂಡ ವಾಪಸ್ ಬರುವಾಗ ರೈಲು ನಿಲ್ದಾಣಗಳಲ್ಲಿ ಜನ ಸೇರಿದರು. ಆಮೇಲೆ ಫ್ರಾಂಕ್ ಥಾಮಸ್ 1934ರಲ್ಲಿ ಗೆಲ್ಲಿಸಿದರು. 1958ರಲ್ಲಿ ಬಂದವರು ಪಾಲ್ ಬ್ರಯಂಟ್. ಎಲ್ಲರೂ ಕರೆಯುವುದು ಬೇರ್ ಬ್ರಯಂಟ್ ಅಂತ. ಚಿಕ್ಕಂದಿನಲ್ಲಿ ಜಾತ್ರೆಯೊಂದರಲ್ಲಿ ಕರಡಿ ಜೊತೆ ಕುಸ್ತಿಗೆ ಇಳಿದಿದ್ದಕ್ಕೆ ಬಂದ ಹೆಸರು. 25 ಸೀಸನ್, ಆರು ಪಟ್ಟ. 1982ರ ಡಿಸೆಂಬರ್‌ನಲ್ಲಿ ಕೊನೆಯ ಪಂದ್ಯ ಆಡಿಸಿದರು, ಒಂದು ತಿಂಗಳು ತುಂಬುವ ಮೊದಲೇ ತೀರಿಕೊಂಡರು.

ಇಲ್ಲಿ ಒಂದು ವಿಷಯ ಬಿಡುವ ಹಾಗಿಲ್ಲ. 1961, 1964, 1965ರ ಆ ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ದಕ್ಷಿಣದ ಕಾಲೇಜುಗಳು ಅವರನ್ನು ಸೇರಿಸುತ್ತಲೇ ಇರಲಿಲ್ಲ. 1970ರ ಸೆಪ್ಟೆಂಬರ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬರ್ಮಿಂಗ್‌ಹ್ಯಾಮ್‌ಗೇ ಬಂದು 42–21ರಿಂದ ಅಲಬಾಮಾವನ್ನು ಬಗ್ಗುಬಡಿಯಿತು. ಆ ದಿನ ಮಿಂಚಿದ್ದು ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕಪ್ಪು ಹುಡುಗ. ಆ ಒಂದು ಪಂದ್ಯ ನೋಡಿ ಅಲಬಾಮಾ ಬದಲಾಯಿತು ಅಂತ ಕಥೆ ಕಟ್ಟುತ್ತಾರೆ. ಅದು ಪೂರ್ತಿ ನಿಜವಲ್ಲ. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಆಟಗಾರ ಆಗಲೇ ಅಲಬಾಮಾ ಸೇರಿದ್ದ. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ, ಅಷ್ಟೇ. ನನ್ನ ಲೆಕ್ಕದಲ್ಲಿ 1960ರ ದಶಕದ ಆ ಮೂರು ಪಟ್ಟಗಳ ತೂಕ ಕಡಿಮೆ. ಎಲ್ಲರಿಗೂ ಬಾಗಿಲು ತೆರೆದ ಮೇಲೆ, 1978 ಮತ್ತು 1979ರಲ್ಲಿ ಸತತವಾಗಿ ಗೆದ್ದ ಪಟ್ಟಗಳ ತೂಕ ಜಾಸ್ತಿ.

ಬ್ರಯಂಟ್ ನಂತರ ಜೀನ್ ಸ್ಟಾಲಿಂಗ್ಸ್ 1992ರಲ್ಲಿ ಗೆಲ್ಲಿಸಿದರು. ಅವರು ಹೋದ ಮೇಲೆ ತಂಡ ನೆಲಕಚ್ಚಿತು. 2000ದಲ್ಲಿ ಮೂರು ಗೆಲುವು, ಎಂಟು ಸೋಲು. ಆಟಗಾರರನ್ನು ಸೇರಿಸಿಕೊಳ್ಳುವಲ್ಲಿ ಅಕ್ರಮ ನಡೆದಿದ್ದಕ್ಕೆ 2002ರಲ್ಲಿ ಎನ್‌ಸಿಎಎ ಶಿಕ್ಷೆ. 2007ರಲ್ಲಿ ನಿಕ್ ಸೇಬನ್ ಬಂದರು. ಮೊದಲ ವರ್ಷ ಲೂಸಿಯಾನಾ–ಮನ್ರೋ ಅನ್ನುವ ಸಣ್ಣ ತಂಡದ ಕೈಯಲ್ಲಿ ಮನೆಯಂಗಳದಲ್ಲೇ ಸೋತರು. ಮುಂದಿನ ವರ್ಷದಿಂದ 2023ರಲ್ಲಿ ಕೊನೆಯ ಸೀಸನ್ ಮುಗಿಸುವವರೆಗೆ ಒಂದೇ ಒಂದು ವರ್ಷವೂ ಹತ್ತಕ್ಕಿಂತ ಕಡಿಮೆ ಗೆಲುವಿಲ್ಲ. ಆರು ಪಟ್ಟ. ಸ್ಕಾಲರ್‌ಷಿಪ್ ಆಟಗಾರರು 85ಕ್ಕಿಂತ ಜಾಸ್ತಿ ಇರಬಾರದು ಅನ್ನುವ ಮಿತಿ ಇದ್ದ ಕಾಲ ಇದು. ಬ್ರಯಂಟ್ ಅವರ ಆರಂಭದ ದಿನಗಳ ಹಾಗೆ ಹುಡುಗರನ್ನು ರಾಶಿ ಹಾಕಿಕೊಳ್ಳುವಂತಿರಲಿಲ್ಲ.

ಸೇಬನ್ ಅವರ ಒಂದು ಪಂದ್ಯ ಹೇಳಲೇಬೇಕು. 2018ರ ಜನವರಿ, ಜಾರ್ಜಿಯಾ ಎದುರು ಫೈನಲ್. ಅರ್ಧ ಆಟ ಮುಗಿದಾಗ 13–0 ಹಿಂದೆ. ಎರಡು ವರ್ಷದಿಂದ ಗೆಲ್ಲಿಸುತ್ತಿದ್ದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಪಾಸ್ ಎಸೆಯುವ ಆಟಗಾರ) ಜೇಲೆನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಟುವಾ ಟಾಗೊವೈಲೋವಾನನ್ನು ಇಳಿಸಿದರು. ಹೆಚ್ಚುವರಿ ಸಮಯದಲ್ಲಿ ಆ ಹುಡುಗ ಉದ್ದನೆಯ ಪಾಸ್ ಎಸೆದು 26–23ರಿಂದ ಗೆಲ್ಲಿಸಿದ. ಸೋತಿದ್ದರೆ ಊರೇ ಕೋಚ್ ಅನ್ನು ಬೈಯುತ್ತಿತ್ತು. ಇಷ್ಟು ಬೇರೆ ಬೇರೆ ಕಾಲದಲ್ಲಿ, ಇಷ್ಟು ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ, ಬಿದ್ದೂ ಎದ್ದು ಗೆದ್ದ ಇನ್ನೊಂದು ತಂಡ ನನಗೆ ಕಾಣುವುದಿಲ್ಲ. 1941 ಅನ್ನು ಕಿತ್ತುಹಾಕಿದರೂ ಅಲಬಾಮಾ ಮೊದಲನೆಯದೇ. ಎಪಿ ವೋಟಿನ ಪಟ್ಟ ಮಾತ್ರ ಎಣಿಸಿದರೂ 12 ಇದೆ. ಅದರ ನಂತರದ್ದು ನೋಟರ್ ಡೇಮ್, 8.

ಹಾಗಾದರೆ ನೋಟರ್ ಡೇಮ್ ಎರಡನೆಯದಾಗಬೇಕಲ್ವಾ? 1988ರಲ್ಲಿ ಕೇಳಿದ್ದರೆ ಮೊದಲನೆಯದೇ ಅನ್ನುತ್ತಿದ್ದೆ.

ಇಂಡಿಯಾನಾದ ಒಂದು ಕ್ಯಾಥೊಲಿಕ್ ಯೂನಿವರ್ಸಿಟಿ ಅದು. ಆ ಕಾಲದಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ಬಹುಸಂಖ್ಯಾತರಿಗೆ ಕ್ಯಾಥೊಲಿಕ್ಕರ ಮೇಲೆ ಅನುಮಾನ ಜಾಸ್ತಿ. ಸುತ್ತಮುತ್ತಲ ಕಾಲೇಜುಗಳ ಒಕ್ಕೂಟ ಇವರನ್ನು ಸೇರಿಸಿಕೊಳ್ಳಲಿಲ್ಲ. ಸರಿ, ನಾವು ದೇಶವಿಡೀ ಸುತ್ತಿ ಆಡುತ್ತೇವೆ ಅಂತ ಹೊರಟರು. 1913ರಲ್ಲಿ ಆರ್ಮಿ ತಂಡದ ವಿರುದ್ಧ ಹೊಸದಾಗಿ ಬಂದಿದ್ದ ಪಾಸ್ ಅನ್ನೇ ಅಸ್ತ್ರ ಮಾಡಿಕೊಂಡು 35–13ರಿಂದ ಗೆದ್ದರು. ಆ ದಿನ ಪಾಸ್ ಹಿಡಿದ ನೂಟ್ ರಾಕ್ನಿ ಮುಂದೆ ಅಲ್ಲೇ ಕೋಚ್ ಆದರು. 105 ಗೆಲುವು, 12 ಸೋಲು, 5 ಡ್ರಾ. 1931ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತಾಗ ದೇಶವೇ ಅತ್ತಿತು. ನ್ಯೂಯಾರ್ಕ್, ಷಿಕಾಗೋದಲ್ಲಿದ್ದ ಐರಿಶ್, ಇಟಾಲಿಯನ್, ಪೋಲಿಶ್ ಕೂಲಿಕಾರರು ಕಾಲೇಜಿನ ಮೆಟ್ಟಿಲು ಹತ್ತಿದವರೇ ಅಲ್ಲ, ಆದರೂ ರೇಡಿಯೋ ಮುಂದೆ ಕೂತು ಇದು ನಮ್ಮ ತಂಡ ಅಂದುಕೊಂಡರು. ಒಂದು ಊರಿನ ಕಾಲೇಜು ತಂಡಕ್ಕೆ ದೇಶದ ಉದ್ದಗಲಕ್ಕೂ ಅಭಿಮಾನಿಗಳು ಹುಟ್ಟಿದ್ದು ಹೀಗೆ. 1991ರಿಂದ ಎನ್‌ಬಿಸಿ ಟಿವಿ ಇವರೊಬ್ಬರ ಮನೆಯಂಗಳದ ಪಂದ್ಯಗಳಿಗೇ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿರುವುದೂ ಅದಕ್ಕೇ.

ರಾಕ್ನಿ ನಂತರ ಫ್ರಾಂಕ್ ಲೇಹಿ 1940ರ ದಶಕದಲ್ಲಿ ನಾಲ್ಕು ಸಲ, ಆರಾ ಪಾರ್ಸೇಗಿಯನ್ 1966 ಮತ್ತು 1973ರಲ್ಲಿ, ಡ್ಯಾನ್ ಡಿವೈನ್ 1977ರಲ್ಲಿ, ಲೂ ಹೋಲ್ಟ್ಸ್ 1988ರಲ್ಲಿ. ಐದು ಕೋಚ್‌ಗಳು. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ತೊಂದರೆ ಆಮೇಲಿನದ್ದು. 1988ರ ನಂತರ ಪಟ್ಟವೇ ಇಲ್ಲ. 2007ರಲ್ಲಿ ಒಂಬತ್ತು ಸೋಲು, 2016ರಲ್ಲಿ ಎಂಟು. 2012ರ ಸೀಸನ್‌ನಲ್ಲಿ ಒಂದೂ ಸೋಲದೆ ಫೈನಲ್‌ಗೆ ಬಂದರು, ಅಲ್ಲಿ ಅಲಬಾಮಾ 42–14ರಿಂದ ಹೊಡೆದುಹಾಕಿತು. 2024ರ ಸೀಸನ್‌ನಲ್ಲಿ ಮತ್ತೆ ಫೈನಲ್‌ಗೆ ಬಂದರು. ಅಲ್ಲಿ 34–23ರಿಂದ ಸೋಲಿಸಿದ್ದು ಓಹಾಯೋ ಸ್ಟೇಟ್. ಎರಡನೇ ಜಾಗಕ್ಕೆ ಇದಕ್ಕಿಂತ ನೇರವಾದ ಪಂದ್ಯ ನಡೆಯೋದು ಕಷ್ಟ.

ಓಹಾಯೋ ಸ್ಟೇಟ್‌ದು ಬೇರೆ ರೀತಿಯ ದೊಡ್ಡತನ. ಅದು ಬೀಳುವುದೇ ಇಲ್ಲ. 1967ರಿಂದ 2024ರವರೆಗೆ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ ಅನ್ನುವ ವರ್ಷ ಎರಡೇ: 1988 ಮತ್ತು 2011. ಇಲ್ಲೂ ಪಟ್ಟ ಗೆಲ್ಲಿಸಿದ ಕೋಚ್‌ಗಳು ಐವರು. ಪಾಲ್ ಬ್ರೌನ್, ವುಡಿ ಹೇಯ್ಸ್, ಜಿಮ್ ಟ್ರೆಸೆಲ್, ಅರ್ಬನ್ ಮೇಯರ್, ರಯನ್ ಡೇ. ಮೊದಲನೆಯದು 1942, ಇತ್ತೀಚಿನದು 2024. ಹೇಯ್ಸ್ ಮಹಾ ಮುಂಗೋಪಿ. 1978ರ ಗೇಟರ್ ಬೌಲ್‌ನಲ್ಲಿ ಎದುರಾಳಿ ಆಟಗಾರನಿಗೇ ಗುದ್ದಿ ಕೆಲಸ ಕಳೆದುಕೊಂಡರು. 2014ರಲ್ಲಿ ಮೊದಲ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡರು. ಮೂರನೆಯವನಾಗಿದ್ದ ಕಾರ್ಡೇಲ್ ಜೋನ್ಸ್ ಬಂದು ವಿಸ್ಕಾನ್ಸಿನ್, ಅಲಬಾಮಾ, ಆರೆಗನ್ ಮೂರನ್ನೂ ಸೋಲಿಸಿದ. ನಾಲ್ಕು ತಂಡಗಳ ಪ್ಲೇಆಫ್ ಶುರುವಾದ ಮೊದಲ ವರ್ಷ ಅದು. ಪ್ಲೇಆಫ್ 12 ತಂಡಗಳಿಗೆ ಬೆಳೆದ ಮೊದಲ ವರ್ಷ, 2024ರಲ್ಲೂ ಗೆದ್ದವರು ಇವರೇ. ಅದೂ ಹೇಗೆ, ನವೆಂಬರ್ ಕೊನೆಯಲ್ಲಿ ತಮ್ಮದೇ ಮೈದಾನದಲ್ಲಿ ಮಿಶಿಗನ್‌ಗೆ 13–10ರಿಂದ ಸೋತ ಮೇಲೆ! ಹಳೆಯ ಪದ್ಧತಿಯಲ್ಲಾಗಿದ್ದರೆ ಆ ಸೋಲಿನ ದಿನವೇ ಕಥೆ ಮುಗಿಯುತ್ತಿತ್ತು. ಆ ಪಟ್ಟ ಸಲೀಸಾಗಿ ಸಿಕ್ಕಿತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನಾಲ್ಕು ಬಲವಾದ ತಂಡಗಳನ್ನು ಒಂದರ ಹಿಂದೆ ಒಂದು ಸೋಲಿಸುವುದು ವೋಟು ಗೆಲ್ಲುವುದಕ್ಕಿಂತ ಕಷ್ಟ.

ಈಗ ನಿಮ್ಮ ಮಗಳ ಕಡೆ. ಅತಿ ಹೆಚ್ಚು ಪಂದ್ಯ ಗೆದ್ದದ್ದು ಮಿಶಿಗನ್. 2023ರ ನವೆಂಬರ್‌ನಲ್ಲಿ 1000 ಗೆಲುವು ಮುಟ್ಟಿದ ಮೊದಲ ತಂಡ ಅದು. ಅವರ ಸ್ಟೇಡಿಯಂನಲ್ಲಿ 1,07,601 ಜನಕ್ಕೆ ಜಾಗ ಇದೆ. ಓಹಾಯೋ ಸ್ಟೇಟ್ ಜೊತೆ 1897ರಿಂದ ಆಡಿದ ಪಂದ್ಯಗಳ ಒಟ್ಟು ಲೆಕ್ಕದಲ್ಲೂ ಮಿಶಿಗನ್ನೇ ಮುಂದೆ. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಸೋಲಿಸಿದೆ. ಇದನ್ನು ಅಳಿಯನಿಗೆ ಅವಳು ಆಗಲೇ ಹೇಳಿರುತ್ತಾಳೆ ಬಿಡಿ.

ಫೀಲ್ಡಿಂಗ್ ಯೋಸ್ಟ್ ಅವರ 1901ರ ತಂಡವಂತೂ ಇಡೀ ಸೀಸನ್‌ನಲ್ಲಿ 550 ಪಾಯಿಂಟ್ ಗಳಿಸಿತು, ಬಿಟ್ಟುಕೊಟ್ಟದ್ದು ಸೊನ್ನೆ. ಅದರ ಕೊನೆಯ ಪಂದ್ಯವೇ ಮೊಟ್ಟಮೊದಲ ರೋಸ್ ಬೌಲ್. ಸ್ಟ್ಯಾನ್‌ಫೋರ್ಡ್ 49–0 ಹಿಂದಿದ್ದಾಗ, ಆಟ ಇನ್ನೂ ಎಂಟು ನಿಮಿಷ ಬಾಕಿ ಇರುವಂತೆಯೇ ಸಾಕು ಅಂದುಬಿಟ್ಟಿತು. ಸಂಘಟಕರಿಗೆ ಎಷ್ಟು ಬೇಸರವಾಯಿತು ಅಂದರೆ 1916ರವರೆಗೆ ಅಲ್ಲಿ ಫುಟ್‌ಬಾಲ್ ಆಡಿಸಲೇ ಇಲ್ಲ, ಬದಲಿಗೆ ರಥದ ಓಟದಂಥವನ್ನು ಇಟ್ಟರು.

ಇಷ್ಟೆಲ್ಲ ಇದ್ದೂ ಆರನೇ ಜಾಗ ಯಾಕೆ? ಎಪಿ ಪಟ್ಟ ಮೂರೇ: 1948, 1997, 2023. ನಡುವೆ 49 ವರ್ಷದ ಅಂತರ. ಬೋ ಶೆಂಬೆಕ್ಲರ್ ಅಷ್ಟು ದೊಡ್ಡ ಕೋಚ್, 21 ವರ್ಷ ಇದ್ದರು, ಒಂದೂ ಪಟ್ಟ ಬರಲಿಲ್ಲ. 2007ರಲ್ಲಿ ಕೆಳಗಿನ ದರ್ಜೆಯ ಆ್ಯಪಲೇಷಿಯನ್ ಸ್ಟೇಟ್ ಬಂದು 34–32ರಿಂದ ಸೋಲಿಸಿ ಹೋಯಿತು. 2023ರ ಪಟ್ಟದ ವರ್ಷವೇ, ಎದುರಾಳಿಗಳ ಸನ್ನೆಗಳನ್ನು ಕದ್ದು ನೋಡುವ ವ್ಯವಸ್ಥೆ ಇತ್ತು ಅನ್ನುವ ಹಗರಣ ಬಯಲಾಯಿತು. ಪಟ್ಟ ಹೋಗಲಿಲ್ಲ, ಮಾತು ಮಾತ್ರ ಉಳಿಯಿತು. ಗೆಲುವಿನ ಒಟ್ಟು ಮೊತ್ತ ದೊಡ್ಡದು ನಿಜ. ಆದರೆ ಬೇಗ ಶುರು ಮಾಡಿದವರಿಗೆ ಅದು ಬೇಗ ಬೆಳೆಯುತ್ತದೆ.

ನಡುವಿನ ಎರಡನ್ನು ಬೇಗ ಹೇಳಿಬಿಡುತ್ತೇನೆ. ಒಕ್ಲಹೋಮಾಗೆ ಏಳು ಪಟ್ಟ, ಬಡ್ ವಿಲ್ಕಿನ್ಸನ್, ಬ್ಯಾರಿ ಸ್ವಿಟ್ಜರ್, ಬಾಬ್ ಸ್ಟೂಪ್ಸ್ ಮೂವರ ಕೈಯಲ್ಲಿ. ವಿಲ್ಕಿನ್ಸನ್ ಅವರ ತಂಡ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದಿತು. ಅದನ್ನು ಇನ್ನೂ ಯಾರೂ ಮುಟ್ಟಿಲ್ಲ, ಮುಟ್ಟುತ್ತಾರೆ ಅಂತಲೂ ನನಗೆ ಅನಿಸಲ್ಲ. ಕೊನೆಗೆ ತಡೆದದ್ದು ನೋಟರ್ ಡೇಮ್, 7–0ರಿಂದ. ಒಕ್ಲಹೋಮಾ ಮೇಲೇರದೇ ಇರೋದಕ್ಕೆ ಕಾರಣ ಪ್ಲೇಆಫ್. 2015ರಿಂದ 2019ರೊಳಗೆ ನಾಲ್ಕು ಸಲ ಸೆಮಿಫೈನಲ್‌ಗೆ ಹೋಗಿ ನಾಲ್ಕೂ ಸಲ ಸೋತಿತು. ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯಾಗೆ ಹೋವರ್ಡ್ ಜೋನ್ಸ್‌ರಿಂದ ಪೀಟ್ ಕ್ಯಾರಲ್‌ವರೆಗೆ ನಾಲ್ವರು ಕೋಚ್‌ಗಳು ಪಟ್ಟ ತಂದಿದ್ದಾರೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಎಂಟು ಸಲ ಅಲ್ಲಿಗೆ ಹೋಗಿದೆ. ಅದರಲ್ಲಿ ರೆಜಿ ಬುಷ್ ಅವರ 2005ರ ಟ್ರೋಫಿ ಕೈತಪ್ಪಿ, 2024ರಲ್ಲಿ ವಾಪಸ್ ಬಂತು. ಅವರು ಕಾಲೇಜಿನಲ್ಲಿದ್ದಾಗ ಏಜೆಂಟರಿಂದ ಹಣ, ಸವಲತ್ತು ಪಡೆದದ್ದಕ್ಕೆ 2004ರ ಪಟ್ಟವನ್ನೂ, ಪ್ಲೇಆಫ್ ಬರುವ ಮುಂಚೆ ಫೈನಲ್ ಏರ್ಪಡಿಸುತ್ತಿದ್ದ ಬಿಸಿಎಸ್ ಸಮಿತಿ ಕಿತ್ತುಕೊಂಡಿತು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ರಾಜಾರೋಷವಾಗಿ ಹಣ ಮಾಡಬಹುದು. ಅದಿರಲಿ, ಕ್ಯಾರಲ್ ಹೋದ ಮೇಲೆ ಈ ತಂಡ ಒಂದು ಸಲವೂ ಪ್ಲೇಆಫ್ ಮುಟ್ಟಿಲ್ಲ.

ಹೊರಗೆ ಉಳಿದವರ ಅಭಿಮಾನಿಗಳೂ ಕೇಳುತ್ತಾರೆ. ಮಯಾಮಿ 1983ರಿಂದ 2001ರೊಳಗೆ ಐದು ಸಲ ಗೆದ್ದಿತು, ಅದೂ ನಾಲ್ಕು ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ. ಅದನ್ನು ಬಿಟ್ಟಿದ್ದು ನನಗೂ ಸ್ವಲ್ಪ ಚುಚ್ಚುತ್ತದೆ. ಆದರೆ ಇಪ್ಪತ್ತೇ ವರ್ಷದ ಇತಿಹಾಸ ಅದು, ಹಿಂದೆ ಏನೂ ಇಲ್ಲ. ನೆಬ್ರಾಸ್ಕಾ 1970ರಿಂದ 1997ರೊಳಗೆ ಐದು ಪಟ್ಟ ಗೆದ್ದಿತು. ಬಾಬ್ ಡಿವೇನಿ ಎರಡು, ಅವರು ಬೆಳೆಸಿದ ಟಾಮ್ ಓಸ್ಬರ್ನ್ ಮೂರು. ಓಸ್ಬರ್ನ್ ಹೋದ ಮೇಲೆ ಸೊನ್ನೆ. ಆದರೂ 1962ರಿಂದ ಅಲ್ಲಿಯ ಟಿಕೆಟ್ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತಿದೆ. ಇಂಥ ಅಭಿಮಾನಿಗಳಿಗೆ ಬೇರೆಯೇ ಪಟ್ಟಿ ಮಾಡಬೇಕು. ಟೆಕ್ಸಸ್‌ಗೆ ದುಡ್ಡು, ಜನ, ಆಟಗಾರರು ಎಲ್ಲ ಇದ್ದೂ ಪಟ್ಟ ತಂದ ಕೋಚ್‌ಗಳು ಇಬ್ಬರೇ, ಡ್ಯಾರೆಲ್ ರಾಯಲ್ ಮತ್ತು ಮ್ಯಾಕ್ ಬ್ರೌನ್. ಜಾರ್ಜಿಯಾ 2021 ಮತ್ತು 2022ರಲ್ಲಿ ಸತತ ಗೆದ್ದಿತು. ಎರಡನೆಯ ಫೈನಲ್ ಸ್ಕೋರ್ 65–7. ಸದ್ಯಕ್ಕೆ ಅದರಷ್ಟು ಗಟ್ಟಿ ತಂಡ ಕಡಿಮೆ, ಆದರೆ ಅದು ಕರ್ಬಿ ಸ್ಮಾರ್ಟ್ ಒಬ್ಬರ ಕೆಲಸ. ಅವರ ನಂತರ ಬಂದವರೂ ಗೆಲ್ಲಿಸಲಿ, ಆಗ ಮಿಶಿಗನ್‌ನ ಜಾಗಕ್ಕೆ ಜಾರ್ಜಿಯಾ ಹೆಸರು ಬರೆಯುತ್ತೇನೆ.